ಸುಮಾ, ಎನ್‌ಓಸಿಲಿ ಎರಡು ಸಾಲು ಸಾಲದು

ಸುಮಾ, ನಿನ್ನೆ ಗ್ರೂಪಲ್ಲಿ ಕೇಳಿದ್ಯಲ್ಲ ಪುಟ್ಟ, ಲೆಕ್ಚರರ್ ಕೆಲಸ ಬಿಡದೆ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಬಹುದಾ, ಪ್ರಿನ್ಸಿಪಾಲರು "ನಮ್ಮ ಅಭ್ಯಂತರ ಇಲ್ಲ" ಅಂತ ಎರಡು ಸಾಲು ಬರ್ಕೊಟ್ರೆ ಸಾಕಾ ಅಂತ. ಮಾಡಬಹುದು. ಎರಡು ಸಾಲು ಮಾತ್ರ ಸಾಲದು. ಸ್ವಲ್ಪ ಉದ್ದ ಆಗುತ್ತೆ, ಬಸ್ಸಲ್ಲಿ ಕೂತು ಕೇಳ್ಕೋ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ಆ ಎನ್‌ಓಸಿಲಿ, ಅಂದ್ರೆ ಕಾಲೇಜು ಕೊಡೋ ನಿರಾಕ್ಷೇಪಣಾ ಪತ್ರದಲ್ಲಿ, ಮೂರು ಮಾತು ಇರಬೇಕು. ನಿಂಗೆ ಪಾರ್ಟ್‌ಟೈಮ್ ಓದೋಕೆ ಅನುಮತಿ ಇದೆ ಅಂತ ಒಂದು. ಕೆಲಸದ ಮಧ್ಯೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತೆ ಅಂತ ಇನ್ನೊಂದು. ಬೇಕಾದ್ರೆ ಕೋರ್ಸ್‌ವರ್ಕ್, ಅಂದ್ರೆ ಪಿಎಚ್‌ಡಿ ಶುರುವಲ್ಲಿ ಬರೋ ಕ್ಲಾಸು, ಪರೀಕ್ಷೆ ಮುಗಿಸೋಕೆ ಕೆಲಸದಿಂದ ಬಿಟ್ಟುಕೊಡ್ತೀವಿ ಅನ್ನೋದು ಮೂರನೇದು. ಆಫೀಸಿನವರು ಬಿಟ್ಟುಬಿಡೋದು ಇದನ್ನೇ. ಕ್ಲಾಸ್ ಶುರುವಾದ್ಮೇಲೆ ರಜೆಗೆ ದಿನಾ ಗೋಗರೆಯೋ ಹಾಗಾಗೋದೂ ಅದಕ್ಕೇ. ಕರಡು ನೀನೇ ಟೈಪ್ ಮಾಡ್ಕೊಂಡು ಹೋಗು. ಲೆಟರ್‌ಹೆಡ್ಡಲ್ಲಿ ಸಹಿ, ಸೀಲು, ಔಟ್‌ವರ್ಡ್ ನಂಬರು ಮೂರೂ ಹಾಕಿಸ್ಕೋ.

ಕೋರ್ಸ್‌ವರ್ಕ್ ಕಮ್ಮಿ ಅಂದ್ರೂ 12 ಕ್ರೆಡಿಟ್. ಒಂದೇ ಸೆಮಿಸ್ಟರಲ್ಲಿ ಮುಗಿಸ್ತೀನಿ ಅಂದ್ರೆ ವಾರಕ್ಕೆ ಹತ್ತಿರಹತ್ತಿರ 12 ಗಂಟೆ ಪಾಠ ಅಂತಿಟ್ಕೋ, ಅದರಲ್ಲಿ 55 ಪರ್ಸೆಂಟೂ ಬರಬೇಕು. ಸೇರೋ ಮುಂಚೆನೇ ಟೈಮ್‌ಟೇಬಲ್ ಕೇಳು, ಇಎಲ್ (ಗಳಿಕೆ ರಜೆ) ಈಗಿಂದ್ಲೇ ಉಳಿಸ್ಕೋ. ಗೈಡ್ ವಿಷಯ: ರಿಟೈರ್ ಆಗೋಕೆ ಮೂರು ವರ್ಷದೊಳಗಿದ್ರೆ ಅವರು ಹೊಸಬರನ್ನ ತಗೊಳೋ ಹಾಗಿಲ್ಲ. ಪ್ರೊಫೆಸರಿಗೆ 8, ಅಸೋಸಿಯೇಟಿಗೆ 6, ಅಸಿಸ್ಟೆಂಟಿಗೆ 4 ಸ್ಕಾಲರ್, ಅಷ್ಟೇ. "ನೋಡೋಣಮ್ಮಾ" ಅಂದ್ರೆ ಸೀಟು ಖಾಲಿ ಇದೆ ಅಂತಲ್ಲ.

ಜನ ಕೈಬಿಡೋದು ಕೋರ್ಸ್‌ವರ್ಕಲ್ಲಲ್ಲ, ಅದು ಮುಗಿದ ಮಾರನೇ ವರ್ಷ. ಕ್ಲಾಸಿಲ್ಲ, ಪರೀಕ್ಷೆಯಿಲ್ಲ, ಕೇಳೋರೂ ಇಲ್ಲ. ಆರು ತಿಂಗಳಿಗೊಮ್ಮೆ ಕೆಲಸ ಎಲ್ಲಿಗೆ ಬಂತು ಅಂತ ನೋಡೋ ಸಲಹಾ ಸಮಿತಿ ಮುಂದೆ ಹೋಗ್ಬೇಕಲ್ಲ, ಹಿಂದಿನ ವಾರ ಸ್ಲೈಡು ಜೋಡಿಸೋಕೆ ಕೂತ್ರೆ ತೋರ್ಸೋಕೇ ಏನೂ ಇರಲ್ಲ. ಅದಕ್ಕೇ ವಾರದಲ್ಲಿ ಮೂರು ದಿನ ಬೆಳಗ್ಗೆ 5ರಿಂದ 6.30, ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ ತೆಗೆದಿಡು. ರಾತ್ರಿ ಪೇಪರ್ ತಿದ್ದಿ ಆದ್ಮೇಲೆ ಓದ್ತೀನಿ ಅನ್ನೋದು ನಡೆಯೋ ಮಾತಲ್ಲ. ಬೆಳಗಿನ ಹೊತ್ತು ಬರೆಯೋದಕ್ಕೆ, ಶನಿವಾರ ಲೆಕ್ಕ, ಟೇಬಲ್ಲು, ಡೇಟಾಗೆ. ಕೆಲಸ ಮುಗಿಸಿ ಮೇಜಿಂದ ಏಳೋ ಮುಂಚೆ ಮುಂದಿನ ಸಲ ಮೊದಲು ಮಾಡಬೇಕಾದ್ದು ಒಂದು ಸಾಲು ಬರೆದಿಡು, "ಟೇಬಲ್ 3ರ ಕೊನೇ ಕಾಲಂ ತುಂಬು" ಅನ್ನೋ ಅಷ್ಟು ಚಿಕ್ಕದು. ಇಲ್ದಿದ್ರೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗುತ್ತೆ. ಓದಿದ ಪೇಪರನ್ನೆಲ್ಲ ಅವತ್ತವತ್ತೇ ಝೊಟೆರೋಗೆ (ಓದಿದ ಪೇಪರುಗಳ ವಿವರ ಜೋಡಿಸಿಡೋ ಸಾಫ್ಟ್‌ವೇರ್) ಹಾಕು.

ನಿಮ್ಮ ಕಾಲೇಜು ಮಕ್ಕಳ ಮಾರ್ಕ್ಸ್ ಡೇಟಾ ಬಳಸ್ತೀನಿ ಅಂದ್ಯಲ್ಲ, ಅದಕ್ಕೆ ಎನ್‌ಓಸಿ ಸಾಲಲ್ಲ. ಬೇರೆ ಅನುಮತಿ ಪತ್ರ ತಗೋ, ಹೆಸರು, ರಿಜಿಸ್ಟರ್ ನಂಬರು ತೆಗೆದ್ಮೇಲೇ ಲ್ಯಾಪ್‌ಟಾಪಿಗೆ ಹಾಕ್ಕೋ.

ಪಿಎಚ್‌ಡಿ ಮುಗಿಸೋಕೆ ಅವಧಿ ಹೆಚ್ಚಂದ್ರೆ ಆರು ವರ್ಷ, ಮರುನೋಂದಣಿ ಮಾಡಿಸಿದ್ರೆ ಎಂಟು, ಹೆಣ್ಣುಮಕ್ಕಳಿಗೆ ಇನ್ನೂ ಎರಡು ಸೇರಿ ಹತ್ತು. ಹೆರಿಗೆ, ಮಗು ನೋಡ್ಕೊಳೋಕೆ 240 ದಿನದವರೆಗೆ ರಜೆ ಬೇರೆ. ಆ ಹತ್ತನ್ನ ನೆಚ್ಕೊಂಡು ವಿಷಯ ಹಿಗ್ಗಿಸ್ಬೇಡ.

ಹಾಂ, ಗ್ರೂಪಲ್ಲಿ ಯಾರೋ ಫಾರ್ವರ್ಡ್ ಮಾಡಿದ್ರಲ್ಲ, ಮನೇಲೇ ಕೂತು ದೂರಶಿಕ್ಷಣದಲ್ಲಿ ಪಿಎಚ್‌ಡಿ ಅಂತ. ಯುಜಿಸಿಯ ಆ 2022ರ ನಿಯಮದಲ್ಲೇ ಅದಕ್ಕೆ ಅವಕಾಶ ಇಲ್ಲ. ಪಾರ್ಟ್‌ಟೈಮ್ ಬೇರೆ, ದೂರಶಿಕ್ಷಣ ಬೇರೆ. ಅದಕ್ಕೆ ಒಂದು ರೂಪಾಯಿನೂ ಕಟ್ಬೇಡ.