ಸಹಾಯ ಬೇಕು: ತಲೆಗೆ ಪೆಟ್ಟಾದ್ಮೇಲೆ ಅಣ್ಣ ಮೊದಲಿನ ಥರ ಇಲ್ಲ

ಎಲ್ರಿಗೂ ನಮಸ್ಕಾರ, ನಾವು ತಿಪಟೂರು ಕಡೆಯವ್ರು. ಹೋದ ದೀಪಾವಳಿ ಟೈಮಲ್ಲಿ ನಮ್ಮಣ್ಣ ಬೈಕಿಂದ ಬಿದ್ದ, ಹೆಲ್ಮೆಟ್ ಟ್ಯಾಂಕ್ ಮೇಲಿತ್ತು (ಏನ್ ಹೇಳೋದು). ಸಿಟಿ ಸ್ಕ್ಯಾನಲ್ಲಿ ಸ್ವಲ್ಪ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಬೇಡ ಅಂದ್ರು, ಎರಡನೇ ಸ್ಕ್ಯಾನಲ್ಲಿ ಕರಗಿದೆ ಅಂತ ಮನೆಗೆ ಕಳ್ಸಿದ್ರು. ಮುಂದೆ ಹಿಂಗೆಲ್ಲಾ ಆಗ್ಬೋದು ಅಂತ ಯಾರೂ ಹೇಳ್ಲಿಲ್ಲ.

ನೋಡೋಕೆ ಆರಾಮಾಗೇ ಇದಾನೆ, ಅದೇ ಕಷ್ಟ. ವಾಸನೆ ಪೂರ್ತಿ ಹೋಗಿದೆ, ಮೊನ್ನೆ ಅಡುಗೆಮನೇಲೇ ಬೆನ್ನು ಹಾಕಿ ಕೂತಿದ್ದ, ಸ್ಟೌ ಮೇಲೆ ಹಾಲು ಸೀದು ಪಾತ್ರೆ ತಳ ಕರಿ ಆಗೋವರೆಗೂ ಇವನಿಗೆ ಗೊತ್ತೇ ಆಗಿಲ್ಲ. ಕುಕ್ಕರ್ ಕೂಗಿದ್ರೆ ಕಿವಿ ಮುಚ್ಕೊಂಡು ರೇಗ್ತಾನೆ, ಆಮೇಲೆ ಮಗು ಥರ ಅಳ್ತಾನೆ. ಕೊಬ್ಬರಿ ಲೆಕ್ಕ ಬಾಯಲ್ಲೇ ಹಾಕ್ತಿದ್ದವ್ನು ಈಗ ಚೀಟೀಲಿ ಬರ್ದು ಮೂರು ಸಲ ಕೂಡಿಸ್ತಾನೆ. ಊರವ್ರು ಸೋಮಾರಿತನ ಅಂತಾರೆ, ಅಮ್ಮ ದೃಷ್ಟಿ ತೆಗ್ಸಿದ್ದೂ ಆಯ್ತು.

ಇನ್ನೊಂದು, ಎರಡು ಸಲ ಮಾತಾಡ್ತಾ ಮಾತಾಡ್ತಾ ಕಣ್ಣು ಬಿಟ್ಕೊಂಡು ಹಂಗೇ ನಿಂತ್ಬಿಟ್ಟ, ಅರ್ಧ ನಿಮಿಷ ಕರೆದ್ರೂ ಓಗೊಡ್ಲಿಲ್ಲ. ಫಿಟ್ಸ್ ಮಾತ್ರೆ ತಾನೇ ನಿಲ್ಸಿದಾನೆ ಅಂತ ಆಮೇಲೆ ಗೊತ್ತಾಯ್ತು. ಬೈಕ್ ಕೀ ನಾನೇ ಎತ್ತಿಟ್ಟಿದೀನಿ.

ಈ ವಾರ ಬೆಂಗಳೂರು ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ತಿದೀವಿ. ಹೋಗಿ ಬಂದವ್ರು ಹೇಳಿ, ಮೊದ್ಲು ನ್ಯೂರಾಲಜಿನಾ, ನ್ಯೂರೋ ರಿಹ್ಯಾಬ್ (ಪೆಟ್ಟಾದ್ಮೇಲೆ ಚೇತರಿಸ್ಕೊಳ್ಳೋಕೆ ತರಬೇತಿ ಕೊಡೋ ವಿಭಾಗ) ಕಡೆಗಾ? ನೆನಪಿನ ಟೆಸ್ಟ್ ಅದೇ ದಿನ ಮಾಡ್ತಾರಾ? ಹಳೇ ಸ್ಕ್ಯಾನ್ ಫಿಲ್ಮ್ ಇದೆ, ಸಿಡಿ ಇಲ್ಲ, ಸಾಕಾ? ಅತ್ತಿಗೆಗೂ ನಿದ್ದೆ ಇಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಮನೆಯವ್ರು ಕಾಲ್ ಮಾಡಿ ಮಾತಾಡಿದ್ದೀರಾ ಯಾರಾದ್ರೂ? ಪ್ಲೀಸ್, ದೇವಸ್ಥಾನದ ಹೆಸ್ರು ಬೇಡ, ಲಿಸ್ಟ್ ಆಗ್ಲೇ ಉದ್ದ ಇದೆ.