ಮುತ್ತಜ್ಜನ ಟ್ರಂಕಿನಲ್ಲಿ ನಾಟಕ ಮಂಡಳಿಯ ಕಾಗದಗಳು

ಪ್ರಶ್ನೆ: ನಮಸ್ಕಾರ ಸರ್. ಧಾರವಾಡದ ಕಡೆ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಸಿಕ್ಕಿದೆ. ಮುತ್ತಜ್ಜ ಕನ್ನಡ ಶಾಲೆಯ ಮಾಸ್ತರರು. ಪತ್ರಿಕೆಗಳಿಗೆ ಬಾತ್ಮಿ ಬರೆದು ಕಳಿಸುತ್ತಿದ್ದರಂತೆ. ಟ್ರಂಕಿನಲ್ಲಿ ದಾರ ಕಟ್ಟಿದ ನಲವತ್ತರಷ್ಟು ಕಾಗದ, ಕಾರ್ಡುಗಳಿವೆ. ನಾಟಕ ಮಂಡಳಿಯವರು ಬರೆದವು ಕೆಲವು, ಪತ್ರಿಕೆಯ ಸಂಪಾದಕರು ಬರೆದವು ಕೆಲವು. ಒಂದು ಕಾರ್ಡಿನ ಮೇಲೆ ‘ಪಾರ್ಥಿವ ಸಂವತ್ಸರ ಮಾಘ ಶುದ್ಧ ಪಂಚಮಿ’ ಎಂದಿದೆ, ಇಸವಿ ಇಲ್ಲ. ಅರ್ಧದಷ್ಟು ಕಾಗದಗಳ ಅಕ್ಷರ ನನಗೆ ಓದಲು ಬರುವುದಿಲ್ಲ. ಅಂಚೆಚೀಟಿ ಸಂಗ್ರಹಿಸುವವರೊಬ್ಬರು ಲಕೋಟೆಗಳಿಂದ ಚೀಟಿಗಳನ್ನಷ್ಟೇ ಕತ್ತರಿಸಿ ಕೊಡಿ, ಒಳ್ಳೆಯ ಬೆಲೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ (ಕಾಗದಪತ್ರ ಸಂರಕ್ಷಕರು): ಮೊದಲು ಕತ್ತರಿಯನ್ನು ಎತ್ತಿಡಿ. ಚೀಟಿಯ ಜೊತೆ ಅಂಚೆಯ ಠಸ್ಸೆಯೂ ಹೋಗುತ್ತದೆ. ಯಾವ ಊರಿನಿಂದ, ಯಾವ ದಿನ ಹೊರಟಿತೆಂದು ಹೇಳುವುದು ಆ ಠಸ್ಸೆಯೇ. ಮಂಡಳಿ ಯಾವ ಊರಿನಲ್ಲಿ ಡೇರೆ ಹಾಕಿತ್ತು ಎಂಬುದು ಎಷ್ಟೋ ಸಲ ಇಷ್ಟರಿಂದಲೇ ತಿಳಿಯುತ್ತದೆ.

ಪಾರ್ಥಿವ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1885–86, ಇಲ್ಲವೇ 1945–46. ಯಾವುದೆಂದು ಕಾರ್ಡನ್ನೇ ಕೇಳಿ. ವಿಳಾಸದ ಮಗ್ಗುಲಲ್ಲಿ ವಿಕ್ಟೋರಿಯಾ ರಾಣಿಯ ಮುಖವಿದ್ದರೆ ಮುತ್ತಜ್ಜನದು, ಆರನೆಯ ಜಾರ್ಜ್ ಇದ್ದರೆ ಅಜ್ಜನದು. ಹಿಂದೂಸ್ಥಾನದಲ್ಲಿ ಕಾಲಾಣೆಯ ಕಾರ್ಡು ಬಂದದ್ದು 1879ರಲ್ಲಿ. ಆದರೆ ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಉರುಳಿರುತ್ತದೆ. ಆದ್ದರಿಂದ ರಾಣಿಯ ಕಾರ್ಡಾದರೆ 1885 ಎಂದು ಗುರುತು ಹಾಕಬೇಡಿ. ಅದು 1886ರ ಫೆಬ್ರುವರಿ. ತಿಳಿದವರೂ ಇಲ್ಲಿ ಎಡವುತ್ತಾರೆ.

ಓದಲಾಗದವು ಬಹುಶಃ ಮೋಡಿಯವು, ಅಂದರೆ ಆಗ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹದ ಲಿಪಿಯವು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ನಿಮ್ಮ ಸೀಮೆಯಲ್ಲಿ ಮರಾಠಿ ಮಂಡಳಿಗಳ ಓಡಾಟ ಬಹಳ. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಎಂಬ ಮರಾಠಿ ನಾಟಕ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ನಾಟಕಗಳಿಗೆ ಎದುರಾಗಿ ಕನ್ನಡ ನಾಟಕ ಬೇಕೆಂದು ಗದುಗಿನಲ್ಲಿ ಮಂಡಳಿ ಕಟ್ಟಿದ ಶಾಂತಕವಿಗಳೂ ಶಾಲಾಮಾಸ್ತರರು. ನಿಮ್ಮ ಮುತ್ತಜ್ಜನ ಟ್ರಂಕಿನಲ್ಲಿ ಎರಡೂ ಭಾಷೆ ಇರುವುದರಲ್ಲಿ ಸೋಜಿಗವಿಲ್ಲ. ಮೋಡಿಯಲ್ಲಿ ಲೇಖನಿ ಎತ್ತದೆ, ಪದಗಳ ನಡುವೆ ಜಾಗ ಬಿಡದೆ ಬರೆಯುತ್ತಿದ್ದರು. ಬಲ್ಲವರಿಗೆ ಮೂಲ ಕೊಡಬೇಡಿ, ಫೋಟೋ ಕಳಿಸಿ.

ಪ್ರಶ್ನೆ: ರಾಣಿಯ ಮುಖವೇ ಇದೆ ಸರ್! ಇನ್ನೊಂದು ದೊಡ್ಡ ಹಾಳೆಯಿದೆ, ನಾಟಕದ ಪ್ರಕಟಣೆ. ಅಕ್ಷರ ಕೈಬರಹದಂತಿದೆ. ಇದಕ್ಕೆ ಹೆಚ್ಚು ಬೆಲೆಯೇ?

ಉತ್ತರ: ತಡೆಯಿರಿ, ಅದು ಕಲ್ಲಚ್ಚು, ಅಂದರೆ ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಒತ್ತಿದ ಅಚ್ಚು ಇರಬಹುದು. 1843ರ ಮಂಗಳೂರ ಸಮಾಚಾರ ಪತ್ರಿಕೆಯೂ ಕಲ್ಲಚ್ಚಿನದೇ. ಅದರ ಅಕ್ಷರ ಯಾರೋ ಕುಳಿತು ಬರೆದಂತೆಯೇ ಕಾಣುತ್ತದೆ. ಭೂತಗನ್ನಡಿ ಹಿಡಿಯಿರಿ. ಕೈಬರಹವಾದರೆ ಗೆರೆಯ ಮೇಲೆ ಗೆರೆ ಹಾಯ್ದ ಕಡೆ ಮಸಿ ನಿಂತು ಕಪ್ಪಾಗಿರುತ್ತದೆ, ಅದ್ದಿದ ಕೂಡಲೇ ದಟ್ಟವಾಗಿದ್ದು ನಾಲ್ಕು ಪದ ಕಳೆಯುವಷ್ಟರಲ್ಲಿ ತೆಳುವಾಗುತ್ತದೆ. ಅಚ್ಚಿನಲ್ಲಿ ಮಸಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಅಚ್ಚಾದರೂ ಬೇಸರ ಬೇಡ. ನಾಟಕದ ಕರಪತ್ರವನ್ನು ಆಟ ಮುಗಿದ ಮರುದಿನ ಯಾರು ಎತ್ತಿಡುತ್ತಾರೆ?

ಇನ್ನೊಬ್ಬ ಮಹಿಳೆ: ಸರ್, ನಮ್ಮ ತಾತನ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಿದ್ದೇನೆ. ತಪ್ಪಾಯಿತೇ?

ಉತ್ತರ: ಆಯಿತಮ್ಮ. ಆ ಬಿಸಿ, ಆ ಅಂಟು ಎರಡೂ ಹಳೆಯ ಕಾಗದಕ್ಕೆ ಆಗದು. ಆದರೆ ಈಗ ನೀವೇ ಬಿಡಿಸಲು ಹೋಗಬೇಡಿ, ಕಾಗದವೂ ಜೊತೆಗೆ ಕಿತ್ತು ಬರುತ್ತದೆ. ಎಲ್ಲರಿಗೂ ಹೇಳುತ್ತೇನೆ: ಸೆಲ್ಲೋಟೇಪ್, ಸ್ಟೇಪಲ್ ಪಿನ್, ಒದ್ದೆ ಬಟ್ಟೆ ಯಾವುದೂ ಬೇಡ. ಮಾಚಿಕಾಯಿಗೆ ಕಬ್ಬಿಣದ ಉಪ್ಪು ಬೆರೆಸಿ ಮಾಡಿದ ಮಸಿ ಕಾಲ ಕಳೆದಂತೆ ಕಂದಾಗಿ ಕಾಗದವನ್ನೇ ತಿನ್ನುತ್ತದೆ. ತೇವ ಸೇರಿದರೆ ಇನ್ನೂ ಬೇಗ. ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಒಂದೊಂದನ್ನೇ ಇಟ್ಟು, ಆ ಮಡಿಕೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕಿ.

ಪ್ರಶ್ನೆ: ಕೊನೆಯದಾಗಿ, ಅಮೆರಿಕದಲ್ಲಿರುವ ನಮ್ಮ ಅಣ್ಣ ಒಂದೆರಡನ್ನು ಕೇಳುತ್ತಿದ್ದಾನೆ.

ಉತ್ತರ: ಸ್ಕ್ಯಾನ್ ಮಾಡಿ ಕಳಿಸಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಿಕ ಬೆಲೆಯುಳ್ಳ, 75 ವರ್ಷ ದಾಟಿದ ಹಸ್ತಪ್ರತಿಯನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಕಾನೂನು ಬದಿಗಿಟ್ಟರೂ ಕಂತೆ ಒಡೆಯುವುದು ನನಗೆ ಒಪ್ಪಿಗೆಯಿಲ್ಲ. ಸಂಪಾದಕರ ಕಾಗದ ಒಂದು ಕಡೆ, ಅವರು ಬಾತ್ಮಿ ಕೇಳಿದ ನಾಟಕದ ಕರಪತ್ರ ಇನ್ನೊಂದು ಕಡೆ ಹೋದರೆ ಎರಡೂ ಮೂಕ. ಅಂದ ಹಾಗೆ, ದಾರ ಬಿಚ್ಚುವ ಮುಂಚೆ ಫೋಟೋ ತೆಗೆದಿರಾ?

ಪ್ರಶ್ನೆ: ಇಲ್ಲ ಸರ್, ಅವತ್ತೇ ಬಿಚ್ಚಿಬಿಟ್ಟೆ.

ಉತ್ತರ: ಯಾವುದರ ಮೇಲೆ ಯಾವುದಿತ್ತು ಎಂದು ನೆನಪಿರುವಷ್ಟನ್ನು ಇವತ್ತು ರಾತ್ರಿಯೇ ಬರೆದಿಡಿ. ದಾರವನ್ನೂ ಎಸೆಯಬೇಡಿ.