ತೀರ್ಥಹಳ್ಳಿ ಭಾವನ ಕಾರಿನ ಎರಡನೇ ಕೀ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ವಿಷಯವನ್ನು ಟೈಪ್ ಮಾಡುತ್ತಾ ಕೂತರೆ ಅರ್ಧಂಬರ್ಧವಾಗುತ್ತದೆ ಎಂದು ಮಾತಿನಲ್ಲೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಪೂರ್ತಿ ಕೇಳಿ.

ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಕಾರಿನ ಕೀ ಎಲ್ಲೋ ಬಿದ್ದುಹೋಯಿತು, ಬಸಿಗಾಲುವೆಯನ್ನೆಲ್ಲ ತಡಕಿದರೂ ಸಿಗಲಿಲ್ಲ, ಈಗ ಉಳಿದಿರುವುದು ಒಂದೇ ಕೀ ಎಂದು ಭಾವ ನಿನ್ನೆ ಬರೆದಿದ್ದರು. ಅದಕ್ಕೆ ಅಳಿಯ ಒಂದು ವಿಡಿಯೋ ಹಾಕಿ, ಆನ್‌ಲೈನ್‌ನಲ್ಲಿ ರಿಮೋಟ್ ತರಿಸಿಕೊಂಡರೆ ಎರಡೇ ನಿಮಿಷದಲ್ಲಿ ಮನೆಯಲ್ಲೇ ಪ್ರೋಗ್ರಾಂ ಮಾಡಬಹುದಲ್ಲವೇ ಎಂದು ಕೇಳಿದ್ದಾನೆ. ಅಕ್ಕನ ಪ್ರಶ್ನೆ, ಇದಕ್ಕಾಗಿ ಶಿವಮೊಗ್ಗದವರೆಗೆ ಹೋಗಲೇಬೇಕೇ ಎಂಬುದು. ನನ್ನ ಅಭಿಪ್ರಾಯ ಇಷ್ಟು: ಸೆಲ್ ಬದಲಾಯಿಸುವುದು, ಒಡೆದ ಕವಚ ಬದಲಾಯಿಸುವುದು ಮನೆಯಲ್ಲಿ ಆಗುವ ಕೆಲಸ. ಎಂಜಿನ್ ಸ್ಟಾರ್ಟ್ ಆಗುವುದಕ್ಕೆ ಬೇಕಾದ ಚಿಪ್ಪನ್ನು ಕಾರಿಗೆ ಪರಿಚಯ ಮಾಡಿಸುವುದು ಉಪಕರಣವಿರುವ, ಅನುಭವವಿರುವ ಜನರ ಕೆಲಸ. ಅದನ್ನು ಈ ಒಂದು ಕೀ ಕೈಯಲ್ಲಿರುವಾಗಲೇ ಮಾಡಿಸಬೇಕು; ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಬಾರದು.

ಏಕೆ ಎಂದು ಹೇಳುತ್ತೇನೆ. ಭಾವನ ಕಾರಿನಂಥ, ತಿರುಗಿಸಿ ಸ್ಟಾರ್ಟ್ ಮಾಡುವ ಕೀಯಲ್ಲಿ ಮೂರು ಬೇರೆ ಬೇರೆ ಭಾಗಗಳಿವೆ. ಒಂದು, ಬೀಗಕ್ಕೆ ಹೋಗುವ ಲೋಹದ ಬ್ಲೇಡ್. ಎರಡು, ಬಾಗಿಲು ತೆರೆದು ಮುಚ್ಚುವ ರಿಮೋಟ್, ಅಂದರೆ ಸೆಲ್‌ನಿಂದ ನಡೆಯುವ ಸಣ್ಣ ರೇಡಿಯೋ. ಮೂರನೆಯದು ಇಮ್ಮೊಬಿಲೈಸರ್ ಚಿಪ್, ನಾವು ಯಾರೂ ಕಣ್ಣಾರೆ ನೋಡದೇ ಇರುವ ಭಾಗ. ಮಾರುತಿಯವರು ಐ-ಕ್ಯಾಟ್ಸ್ ಎಂದು ಕರೆಯುವುದು ಈ ವ್ಯವಸ್ಥೆಯನ್ನೇ. ಈ ಚಿಪ್‌ಗೆ ಸೆಲ್ ಬೇಕಿಲ್ಲ. ಇಗ್ನಿಷನ್ ಬೀಗದ ಸುತ್ತ ತಾಮ್ರದ ತಂತಿಯ ಒಂದು ಉಂಗುರವಿರುತ್ತದೆ. ಕೀ ಆನ್ ಮಾಡಿದ ಕೂಡಲೇ ಆ ಉಂಗುರದಿಂದ ಹೊರಡುವ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರದಿಂದಲೇ ಚಿಪ್ ತನಗೆ ಬೇಕಾದ ವಿದ್ಯುತ್ತನ್ನು ಪಡೆದುಕೊಂಡು, ಕಾರು ಕೇಳಿದ ಗುಪ್ತ ಪ್ರಶ್ನೆಗೆ ಉತ್ತರ ಕೊಡುತ್ತದೆ. ಉತ್ತರ ತಪ್ಪಾದರೆ ಕಾರು ಎಂಜಿನ್ನನ್ನು ಓಡಲು ಬಿಡುವುದಿಲ್ಲ, ಮೀಟರಿನಲ್ಲಿ ಕೀ ಅಥವಾ ಬೀಗದ ಚಿತ್ರದ ದೀಪ ಮಿಟುಕುತ್ತಲೇ ಇರುತ್ತದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಂಥ ವ್ಯವಸ್ಥೆ ಕಡ್ಡಾಯವಾಯಿತು. ಕಳ್ಳರ ಕೈಗೆ ಸುಲಭವಾಗಿ ಸಿಗಬಾರದೆಂದು ಮಾಡಿದ ಏರ್ಪಾಡು ಇದು. ಆದ್ದರಿಂದ ಮಾಲೀಕನಿಗೂ ಇದು ಸುಲಭವಾಗಿ ಒಲಿಯುವುದಿಲ್ಲ.

ಇನ್ನು ಅಳಿಯ ಹಾಕಿದ ವಿಡಿಯೋ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಅದು ಅಮೆರಿಕದಲ್ಲಿ ಮಾರಾಟವಾದ ಕಾರಿನದು. ಅಲ್ಲಿನ ಹಲವು ಫೋರ್ಡ್ ಕಾರುಗಳಲ್ಲಿ ಮಾಲೀಕನೇ ಹೊಸ ಕೀ ಸೇರಿಸಿಕೊಳ್ಳುವ ಸೌಲಭ್ಯವಿದೆ. ಆದರೆ ಅದಕ್ಕೆ ಮೊದಲೇ ನೋಂದಣಿಯಾದ ಎರಡು ಕೀಗಳನ್ನು ಒಂದರ ಹಿಂದೆ ಒಂದರಂತೆ ಹಾಕಿ ತೋರಿಸಬೇಕು, ಆಮೇಲೆ ಮಾತ್ರ ಮೂರನೆಯದನ್ನು ಕಾರು ಒಪ್ಪುತ್ತದೆ. ನಮ್ಮಲ್ಲಿ ಉಳಿದಿರುವುದೇ ಒಂದು. ಹಳೆಯ ಹೋಂಡಾ ಕಾರುಗಳಲ್ಲಿ ಕೀಯನ್ನು ಆನ್ ಮಾಡಿ ಲಾಕ್ ಬಟನ್ ಒತ್ತಿ, ಆಫ್ ಮಾಡಿ, ಇದನ್ನೇ ಕೆಲವೇ ಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡುವ ಕ್ರಮವೊಂದಿದೆ. ಅದರಿಂದ ನೋಂದಣಿಯಾಗುವುದು ಬಾಗಿಲಿನ ರಿಮೋಟ್ ಮಾತ್ರ, ಎಂಜಿನ್ನಿನ ಚಿಪ್ ಅಲ್ಲ. ಅಷ್ಟೇ ಅಲ್ಲ, ಆ ಹೊತ್ತಿನಲ್ಲಿ ಹಳೆಯ ರಿಮೋಟನ್ನೂ ಮತ್ತೆ ಒತ್ತಿ ಸೇರಿಸದಿದ್ದರೆ ಅದು ಕಾರಿನ ನೆನಪಿನಿಂದ ಅಳಿಸಿಹೋಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವುದರಲ್ಲಿ ಇನ್ನೊಂದು ತೊಡಕೂ ಇದೆ. ಅಮೆರಿಕದ ಹೆಚ್ಚಿನ ರಿಮೋಟ್‌ಗಳು 315 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು 433.92. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಕಾರಿನಿಂದ ಬಿಚ್ಚಿದ ಕೀಯಂತೂ ಬೇಡ; ಒಂದು ಕಾರಿಗೆ ನೋಂದಣಿಯಾದ ಚಿಪ್ ಎಷ್ಟೋ ಮಾದರಿಗಳಲ್ಲಿ ಶಾಶ್ವತವಾಗಿ ಬೀಗ ಹಾಕಿಕೊಂಡಿರುತ್ತದೆ, ಅದು ಇನ್ನೊಂದು ಕಾರಿಗೆ ಬರುವುದಿಲ್ಲ.

ಉಳಿದ ಕೀಯ ರಿಮೋಟ್ ಕೂಡ ಒಮ್ಮೊಮ್ಮೆ ಕೆಲಸ ಮಾಡುವುದಿಲ್ಲ ಎಂದು ಭಾವ ಬರೆದಿದ್ದಾರಲ್ಲ, ಅದಕ್ಕೆ ಯಾರಿಗೂ ದುಡ್ಡು ಕೊಡುವ ಮೊದಲು ಒಳಗಿನ ಸೆಲ್ ನೋಡಿ. ಸೆಲ್ ತೆಗೆದರೆ ಕೋಡ್ ಹೋಗಿಬಿಡುತ್ತದೆ ಎಂಬ ಭಯ ಬಹಳ ಜನರಿಗಿದೆ. ರಿಮೋಟಿನ ಕೋಡ್ ಮತ್ತು ಎಷ್ಟು ಸಲ ಒತ್ತಿದ್ದೇವೆ ಎಂಬ ಎಣಿಕೆ ಎರಡೂ ವಿದ್ಯುತ್ ಇಲ್ಲದಿದ್ದರೂ ಉಳಿಯುವ ಸ್ಮೃತಿಯಲ್ಲಿರುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪ್ರತಿ ಬಾರಿ ಒತ್ತಿದಾಗಲೂ ರಿಮೋಟ್ ಹೊಸ ಕೋಡ್ ಕಳಿಸುತ್ತದೆ, ಕಾರು ಅದರ ಹಿಂದೆಯೇ ಎಣಿಸಿಕೊಂಡು ಬರುತ್ತದೆ. ಮೊಮ್ಮಗು ಆಟಕ್ಕೆಂದು ಮನೆಯೊಳಗೆ ಬಟನ್ ಒತ್ತುತ್ತಲೇ ಇದ್ದು ಎಣಿಕೆ ಮುಂದೆ ಹೋಗಿದ್ದರೆ, ಕಾರಿನ ಹತ್ತಿರ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದಾಗ ಬಹುಪಾಲು ಸರಿಹೋಗುತ್ತದೆ. ಹಳೆಯ ಸೆಲ್ ಮೇಲೆ ಬರೆದ ಸಂಖ್ಯೆಯನ್ನೇ ಕೇಳಿ ತನ್ನಿ. ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 2025 ಎಂಬ ಸೆಲ್ಲಿನ ದಪ್ಪ 2.5 ಮಿಲಿಮೀಟರ್ ಮಾತ್ರ, ಅದನ್ನು ಹಾಕಿದರೆ ಒಳಗೆ ಸಡಿಲವಾಗಿ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಸೆಲ್ ಕೂರುವ ತಗಡಿನ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ, ಮಕ್ಕಳ ರಬ್ಬರಿನಿಂದ ಮೃದುವಾಗಿ ಉಜ್ಜಿದರೆ ಹೋಗುತ್ತದೆ. ಇದು ಕೀ ವಿಷಯವಲ್ಲದಿದ್ದರೂ ಹೇಳಲೇಬೇಕು: ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಕವಚ ಒಡೆದಿದ್ದರೆ ಖಾಲಿ ಕವಚ ತರಿಸಿ ನೀವೇ ಹಾಕಿಕೊಳ್ಳಬಹುದು, ಆದರೆ ಒಂದು ಎಚ್ಚರ ಬೇಕು. ಹಲವು ಕೀಗಳಲ್ಲಿ ಇಮ್ಮೊಬಿಲೈಸರ್ ಚಿಪ್ ರಿಮೋಟಿನ ಹಸಿರು ಬೋರ್ಡಿನ ಮೇಲೆ ಇರುವುದಿಲ್ಲ. ಕವಚದ ಒಂದು ಮೂಲೆಯಲ್ಲಿ, ಬ್ಲೇಡ್ ಸೇರುವ ಕಡೆ, ಪ್ರತ್ಯೇಕ ಗೂಡಿನಲ್ಲಿ ಕೂತಿರುತ್ತದೆ. ಹುಣಸೆ ಬೀಜದಷ್ಟು ದೊಡ್ಡದಾದ, ಏನೂ ಬರೆದಿರದ ಕಪ್ಪು ತುಂಡು. ಕೆಲವದರಲ್ಲಿ ಸಣ್ಣ ಗಾಜಿನ ಕೊಳವೆ. ಬೋರ್ಡನ್ನು ಮಾತ್ರ ಹೊಸ ಕವಚಕ್ಕೆ ಸೇರಿಸಿ ಹಳೆಯದನ್ನು ಕಸಕ್ಕೆ ಹಾಕಿದರೆ ಬಾಗಿಲು ಚೆನ್ನಾಗಿ ತೆರೆಯುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಆದ್ದರಿಂದ ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆಯೇ ಕೀ ಬಿಚ್ಚಿ, ಹೊಸ ಕವಚ ಹಾಕಿದ ಕೀಯಿಂದ ಕಾರು ಸ್ಟಾರ್ಟ್ ಆಗುವವರೆಗೆ ಹಳೆಯ ಕವಚದ ಒಂದು ಚೂರನ್ನೂ ಎಸೆಯಬೇಡಿ.

ಈಗ ಮುಖ್ಯ ವಿಷಯ. ಒಂದು ಕೀ ಕೈಯಲ್ಲಿದ್ದರೆ ಭಾವನೇ ಕಾರನ್ನು ಓಡಿಸಿಕೊಂಡು ಶಿವಮೊಗ್ಗಕ್ಕೆ ಬರಬಹುದು. ಸ್ಟೀರಿಂಗ್ ಕೆಳಗಿರುವ ಹದಿನಾರು ಪಿನ್ನಿನ ಓಬಿಡಿ ಸಾಕೆಟ್‌ಗೆ, ಅಂದರೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಕಿಂಡಿಗೆ, ಉಪಕರಣ ಜೋಡಿಸಿ, ಪಿನ್ ಕೋಡ್ ಎನ್ನುವ ಆ ಕಾರಿನ ಗುಪ್ತ ಸಂಖ್ಯೆ ಕೊಟ್ಟು, ಹೊಸ ಚಿಪ್ ಸೇರಿಸಿ ಕಳಿಸುತ್ತಾರೆ. ಈಗಿರುವ ಆ ಒಂದು ಕೀಯೂ ಕಳೆದುಹೋದರೆ ಕಾರು ಅಂಗಳದಿಂದ ಕದಲುವುದಿಲ್ಲ. ಆಗ ಮಳೆಯಲ್ಲಿ ಮಂಡಗದ್ದೆ ಮಾರ್ಗವಾಗಿ ಟೋಯಿಂಗ್ ಮಾಡಿಸಬೇಕು, ಇಲ್ಲವೇ ತಂತ್ರಜ್ಞರನ್ನೇ ಮನೆಗೆ ಕರೆಸಬೇಕು. ಕೆಲವು ಮಾದರಿಗಳಲ್ಲಿ ಕಂಟ್ರೋಲ್ ಯೂನಿಟ್, ಅಂದರೆ ಕಾರಿನೊಳಗಿನ ಕಂಪ್ಯೂಟರ್, ಬಿಚ್ಚಿ ಓದಬೇಕಾಗುತ್ತದೆ, ಇಲ್ಲವೇ ಬದಲಾಯಿಸಲೇಬೇಕಾಗುತ್ತದೆ. ಖರ್ಚಿನ ಲೆಕ್ಕವೇ ಬೇರೆ. ಅಳಿಯ ಅಗ್ಗದ ಉಪಕರಣವೊಂದನ್ನು ಕೊಂಡು ತಾನೇ ಪ್ರಯತ್ನಿಸುತ್ತೇನೆ ಎಂದಿರುವುದಕ್ಕೂ ಇದೇ ಉತ್ತರ. ಪಿನ್ ಕೆಲವು ಸಲ ತಪ್ಪಾದರೆ ಎಷ್ಟೋ ಕಾರುಗಳು ಮುಂದಿನ ಪ್ರಯತ್ನಕ್ಕೆ ತಾಸುಗಟ್ಟಲೆ ಕಾಯಿಸುತ್ತವೆ. ನೋಂದಣಿಯ ಮಧ್ಯೆ ಕಾರಿನ ಬ್ಯಾಟರಿ ಇಳಿದರೆ ಇರುವ ಒಂದು ಕೀಯೂ ಕೆಲಸಕ್ಕೆ ಬಾರದಂತಾಗಬಹುದು. ಅವನ ಕುತೂಹಲ ನನಗೆ ಬಹಳ ಇಷ್ಟ, ಆದರೆ ಅದಕ್ಕೆ ಭಾವನ ಒಂದೇ ಕೀಯನ್ನು ಪಣಕ್ಕಿಡುವುದು ಬೇಡ.

ಶೋರೂಮಿನ ಸರ್ವಿಸ್ ಸೆಂಟರ್‌ಗೆ ಹೋದರೆ ಆರ್‌ಸಿ ಮತ್ತು ಗುರುತಿನ ಚೀಟಿ ನೋಡಿ, ಚಾಸಿಸ್ ನಂಬರಿನ ಮೇಲೆ ಕಂಪನಿಯಿಂದ ಕೀ ತರಿಸುತ್ತಾರೆ. ದಿನ ಹಿಡಿಯುತ್ತದೆ, ಹಣವೂ ಹೆಚ್ಚು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಕೀ ಕೆಲಸ ಮಾಡುವ ಖಾಸಗಿಯವರು ಸಿಕ್ಕಿದರೆ ಕಡಿಮೆಗೆ, ಬಹುಶಃ ಅಂದೇ ಆಗಬಹುದು. ವಾರಂಟಿ ಉಳಿದಿದ್ದರೆ ಶೋರೂಮೇ ಸರಿ, ಮುಗಿದಿದ್ದರೆ ಖಾಸಗಿಯವರಾದರೂ ಅಡ್ಡಿಯಿಲ್ಲ. ಆದರೆ ಅವರಿಗೆ ಒಂದು ಪ್ರಶ್ನೆ ಕೇಳಲೇಬೇಕು: ನೀವು ಈ ಕೀಯನ್ನು ನಕಲು ಮಾಡುತ್ತೀರೋ, ಅಥವಾ ಹೊಸ ಚಿಪ್ಪನ್ನು ಕಾರಿಗೆ ಸೇರಿಸುತ್ತೀರೋ? ನಕಲು ಮಾಡಿದ ಚಿಪ್ ಕಾರಿಗೆ ಹಳೆಯ ಕೀಯಂತೆಯೇ ಕಾಣುತ್ತದೆ, ಕಾರಿನೊಳಗೆ ಏನೂ ಬದಲಾಗುವುದಿಲ್ಲ. ಅಂದರೆ ತೋಟದಲ್ಲಿ ಬಿದ್ದ ಕೀ ಇನ್ನೂ ಜೀವಂತವಾಗಿಯೇ ಇರುತ್ತದೆ. ಅದು ತೋಟದಲ್ಲೇ ಬಿತ್ತೋ, ಪೇಟೆಯಲ್ಲಿ ಬಿತ್ತೋ ಭಾವನಿಗೂ ಖಚಿತವಿಲ್ಲ. ಆದ್ದರಿಂದ ಹಳೆಯ ನೋಂದಣಿಗಳನ್ನೆಲ್ಲ ಅಳಿಸಿ, ಕೈಯಲ್ಲಿರುವ ಕೀ ಮತ್ತು ಹೊಸ ಕೀ ಎರಡನ್ನೇ ಮತ್ತೆ ಸೇರಿಸಿ ಎಂದು ಸ್ಪಷ್ಟವಾಗಿ ಹೇಳಿ. ಹಾಗೆ ಮಾಡಿದ ಮೇಲೂ ಕಳೆದ ಕೀಯ ಬ್ಲೇಡ್ ಬಾಗಿಲನ್ನು ತೆರೆಯುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಹಾಗಾಗಿ ಕಾಗದಪತ್ರಗಳನ್ನು ಕಾರಿನಲ್ಲಿ ಬಿಡಬೇಡಿ.

ಹೊರಡುವ ಮೊದಲು, ಹೊಸ ಕಾರಿನ ಜೊತೆ ಕೊಟ್ಟಿದ್ದ, ಕೀ ನಂಬರ್ ಕೊರೆದ ಸಣ್ಣ ಬಿಲ್ಲೆ ಬೀರುವಿನಲ್ಲಿದೆಯೇ ಎಂದು ಅಕ್ಕ ನೋಡಲಿ, ಬ್ಲೇಡ್ ಕತ್ತರಿಸಲು ಅದು ಅನುಕೂಲ. ವಿಮೆಯಲ್ಲಿ ಕೀ ಬದಲಾವಣೆಯ ಆಡ್-ಆನ್ ಇದೆಯೇ ಎಂದು ಪಾಲಿಸಿ ನೋಡಿ. ಇದ್ದರೆ ವಿಮೆಯವರು ಪೊಲೀಸರಿಗೆ ಕೊಟ್ಟ ಕಳೆದುಹೋದ ವಸ್ತುವಿನ ದೂರಿನ ಪ್ರತಿಯನ್ನು ಕೇಳಬಹುದು, ಅದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಕೆಲಸ ನಡೆಯುವಾಗ ಕಾರಿನ ಪಕ್ಕದಲ್ಲೇ ಇರಿ, ಎಸಿ ಮತ್ತು ದೀಪ ಆರಿಸಿಡಿ. ಮುಗಿದ ಮೇಲೆ ಎರಡೂ ಕೀಗಳಿಂದ ಒಂದೊಂದು ಸಲ ಸ್ಟಾರ್ಟ್ ಮಾಡಿ, ರಿಮೋಟಿನಿಂದಲೂ ಬ್ಲೇಡಿನಿಂದಲೂ ಚಾಲಕನ ಬಾಗಿಲು ತೆರೆದು ನೋಡಿ, ಎಷ್ಟು ಕೀ ನೋಂದಣಿಯಾಗಿವೆ ಎಂಬುದನ್ನು ಉಪಕರಣದ ಪರದೆಯಲ್ಲೇ ತೋರಿಸಲು ಕೇಳಿ. ಅಲ್ಲಿ ಎರಡು ಎಂದು ಕಂಡ ಮೇಲೆ ಬಿಲ್ ಕೊಡಿ.